ಮೋಟಾರ್ ಸೈಕಲ್ಲಿನ ಸವೆದ ಸರಪಣಿ

ಮೋಟಾರ್ ಸೈಕಲ್ಲನ್ನು ರಿಪೇರಿಗೆ ಒಯ್ದವರು ಒಮ್ಮೆಯಾದರೂ ಮೇಸ್ತ್ರಿಯ ಬಾಯಿಂದ ಈ ಮಾತನ್ನು ಕೇಳಿರುತ್ತಾರೆ: “ಚೈನು ಹಿಗ್ಗಿದೆ ಸ್ವಾಮಿ, ಸೆಟ್ಟನ್ನೇ ಬದಲಾಯಿಸಬೇಕು.” ಸೆಟ್ಟು ಎಂದರೆ ಒಂದು ಚೈನು, ಅದನ್ನು ಹೊತ್ತು ತಿರುಗುವ ಎರಡು ಹಲ್ಲುಗಾಲಿಗಳು ಅಥವಾ ಸ್ಪ್ರಾಕೆಟ್ಟುಗಳು. ಹಿಗ್ಗಿದ್ದು ಚೈನಾದರೆ ಗಾಲಿಗಳನ್ನೇಕೆ ಎಸೆಯಬೇಕು? ನೋಡುವುದಕ್ಕೆ ಅವು ಗಟ್ಟಿಮುಟ್ಟಾಗಿಯೇ ಇವೆಯಲ್ಲ! ತಿಂಗಳ ಸಂಬಳದಲ್ಲಿ ಬಾಳುವವನಿಗೆ ಮೇಸ್ತ್ರಿಯ ಮೇಲೆಯೇ ಅನುಮಾನ ಹುಟ್ಟುವುದು ಸಹಜ. ಆತನ ಮಾತಿನಲ್ಲಿ ನಿಜವೆಷ್ಟೆಂಬುದನ್ನು ನಾವು ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ಈ ಬಗೆಯ ಉರುಳೆ ಸರಪಣಿಗೆ ಹ್ಯಾನ್ಸ್ ರೆನಾಲ್ಡ್ ಎಂಬಾತನು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 1880ರಲ್ಲಿ ಪೇಟೆಂಟು ಪಡೆದನು. ಅದರ ರಚನೆಯ ತಿರುಳು ಇಂದಿಗೂ ಬದಲಾಗಿಲ್ಲ. ಹೊರಗಿನ ಎರಡು ಪಟ್ಟಿಗಳನ್ನು ಉಕ್ಕಿನ ಪಿನ್ನು ಬಂಧಿಸಿರುತ್ತದೆ. ಆ ಪಿನ್ನು ಒಳಪಟ್ಟಿಗಳಿಗೆ ಸೇರಿದ ಬುಷ್ ಎಂಬ ಸಣ್ಣ ಕೊಳವೆಯೊಳಗೆ ತಿರುಗುತ್ತದೆ. ಬುಷ್ಷಿನ ಮೇಲೆ ಸಡಿಲವಾದ ಉರುಳೆಯೊಂದಿದ್ದು, ಗಾಲಿಯ ಹಲ್ಲಿಗೆ ತಾಗುವುದು ಅದೇ. ಒಂದು ಕೀಲಿನಿಂದ ಇನ್ನೊಂದಕ್ಕಿರುವ ದೂರ ನಮ್ಮ ಸಾಮಾನ್ಯ ಬಂಡಿಗಳಲ್ಲಿ ಅರ್ಧ ಅಂಗುಲ, ಎಂದರೆ 12.7 ಮಿ.ಮೀ.

ಸರಪಣಿಯು ಉದ್ದವಾದಾಗ ಪಟ್ಟಿಗಳೇನೂ ಜಗ್ಗಿರುವುದಿಲ್ಲ. ಸವೆದಿರುವುದು ಪಿನ್ನು ಮತ್ತು ಬುಷ್ಷು. ಒಂದು ಕೀಲಿನಲ್ಲಿ ಮಿಲಿಮೀಟರಿನ ಹತ್ತನೆಯ ಒಂದು ಭಾಗ, ಹೆಚ್ಚುಕಡಮೆ ತಲೆಗೂದಲಿನ ದಪ್ಪದಷ್ಟು, ಸವೆಯಿತೆನ್ನಿ. ಅದು ಕಣ್ಣಿಗೆ ಕಾಣುವುದಿಲ್ಲ. ಆದರೆ ಸರಪಣಿಯಲ್ಲಿ 120 ಕೀಲುಗಳಿದ್ದರೆ ಒಟ್ಟು 12 ಮಿ.ಮೀ. ಉದ್ದ ಬೆಳೆಯಿತು! ‘ಹಿಗ್ಗಿದೆ’ ಎಂಬ ಮಾತು ಭೌತವಿಜ್ಞಾನಕ್ಕೆ ಒಪ್ಪಿಗೆಯಾಗದಿದ್ದರೂ ಮೇಸ್ತ್ರಿಯು ಕಂಡದ್ದು ಸುಳ್ಳಲ್ಲ.

ಈ ಸವೆತ ಎಲ್ಲಿಂದ ಬಂತು? ನೆಟ್ಟಗೆ ಓಡುವಾಗ ಕೀಲು ತಿರುಗುವುದಿಲ್ಲ; ಗಾಲಿಯನ್ನು ಏರುವಾಗಲೂ ಇಳಿಯುವಾಗಲೂ ಮಾತ್ರ ಬಾಗುತ್ತದೆ. ಹಿಂದಿನ ಗಾಲಿಗೆ 42 ಹಲ್ಲುಗಳಿದ್ದರೆ ಆ ಬಾಗು ಸುಮಾರು 8.6 ಡಿಗ್ರಿ. ಮುಂದಿನ 14 ಹಲ್ಲಿನ ಚಿಕ್ಕ ಗಾಲಿಯಲ್ಲಾದರೋ 25.7 ಡಿಗ್ರಿ, ಅಂದರೆ ಮೂರರಷ್ಟು. ಬಂಡಿಯು 50 ಕಿಲೋಮೀಟರು ಓಡುವಷ್ಟರಲ್ಲಿ ಪ್ರತಿಯೊಂದು ಕೀಲೂ ಒಂಬತ್ತು ಸಾವಿರಕ್ಕೂ ಹೆಚ್ಚು ಸಲ ಈ ಸುತ್ತನ್ನು ಮುಗಿಸಿರುತ್ತದೆ. ಅದೂ ಬರಿಯ ಬಾಗುವಿಕೆಯಲ್ಲ, ಎಳೆತವನ್ನು ಹೊತ್ತುಕೊಂಡೇ ಬಾಗುವುದು. ಇಬ್ಬರು ಸವಾರರೊಡನೆ 280 ಕಿಲೋ ತೂಗುವ ಬಂಡಿ ಘಟ್ಟದಲ್ಲಿ ಏಳಕ್ಕೆ ಒಂದರಂತೆ ಏರುತ್ತಿದೆಯೆನ್ನೋಣ. ಬರಿಯ ಏರಿಗಾಗಿಯೇ ಟೈರು ನೆಲವನ್ನು 40 ಕಿಲೋ ತೂಕದ ಬಲದಿಂದ ತಳ್ಳಬೇಕು. ಟೈರಿನ ತ್ರಿಜ್ಯ 300 ಮಿ.ಮೀ., ಹಲ್ಲುಗಾಲಿಯದು 85 ಮಿ.ಮೀ. ಸನ್ನೆಯ ನಿಯಮದಂತೆ ಸರಪಣಿಯ ಮೇಲೆ ಬೀಳುವ ಎಳೆತ 140 ಕಿಲೋ ತೂಕಕ್ಕೂ ಮಿಗಿಲು. ಇದರ ಜೊತೆಗೆ ರಸ್ತೆಯ ಧೂಳು ಎಣ್ಣೆಯಲ್ಲಿ ಬೆರೆತರೆ ಅದು ಸಾಣೆಯ ಪುಡಿಯೇ ಸರಿ. ಮೈಸೂರಿನ ಕಾರ್ಖಾನೆಯಿಂದ 1960ರ ದಶಕದಲ್ಲಿ ಹೊರಬರುತ್ತಿದ್ದ ಜಾವಾ ಬಂಡಿಗಳಲ್ಲಿ ಸರಪಣಿಯನ್ನು ಪೂರ್ತಿಯಾಗಿ ಲೋಹದ ಪೆಟ್ಟಿಗೆಯೊಳಗೆ ಮುಚ್ಚಿದ್ದರು. ಅದು ಬಹಳ ವಿವೇಕದ ಏರ್ಪಾಡಾಗಿತ್ತೆಂದು ನಮ್ಮ ಅಭಿಪ್ರಾಯ.

ಈಗ ಗಾಲಿಗಳ ವಿಷಯ. ಕೀಲುಗಳ ನಡುವಿನ ದೂರ ಹೆಚ್ಚಿದ ಸರಪಣಿಯು ಹಲ್ಲುಗಳ ಬುಡದಲ್ಲಿ ಕೂರಲಾರದು. ತನ್ನ ಅಳತೆಗೆ ತಕ್ಕ ದೊಡ್ಡ ವೃತ್ತವನ್ನು ಹುಡುಕುತ್ತ ಹಲ್ಲಿನ ಮೇಲಕ್ಕೆ ಸರಿಯುತ್ತದೆ. ಉದ್ದವು ನೂರಕ್ಕೆ ಎರಡರಷ್ಟು ಬೆಳೆದಿದ್ದರೆ ಹಿಂದಿನ ಗಾಲಿಯಲ್ಲಿ ಈ ಏರಿಕೆ 1.7 ಮಿ.ಮೀ. ಹೀಗೆ ಮೇಲೇರಿದ ಉರುಳೆಗಳು ಹಲ್ಲಿನ ಒಂದೇ ಮಗ್ಗುಲನ್ನು ಉಜ್ಜುತ್ತ ಹೋಗಿ, ಕಡೆಗೆ ಹಲ್ಲು ಕುಡುಗೋಲಿನ ತುದಿಯಂತೆ ಕೊಕ್ಕೆಯಾಗುತ್ತದೆ. ಹಳೆಯ ಸರಪಣಿ, ಹಳೆಯ ಗಾಲಿ ಒಂದಕ್ಕೊಂದು ಹೊಂದಿಕೊಂಡು ಒಟ್ಟಿಗೇ ಕೆಟ್ಟಿರುತ್ತವೆ.

ಇಂತಹ ಗಾಲಿಗೆ ಹೊಸ ಸರಪಣಿಯನ್ನು ತೊಡಿಸಿದರೆ ಅಳತೆಗಳು ಕೂಡುವುದಿಲ್ಲ. ಹಲವು ಹಲ್ಲುಗಳು ಹಂಚಿಕೊಳ್ಳಬೇಕಾದ ಎಳೆತವು ಒಂದೆರಡರ ಮೇಲೆಯೇ ಬೀಳುತ್ತದೆ. ಬಿಟ್ಟುಬರಬೇಕಾದ ಉರುಳೆಯನ್ನು ಕೊಕ್ಕೆಯು ಹಿಡಿದೆಳೆಯುತ್ತದೆ. ವರ್ಷಗಳು ಬಾಳಬೇಕಾದ ಸರಪಣಿ ಕೆಲವು ತಿಂಗಳಲ್ಲೇ ಹಾಳಾಗುವುದು ಹೀಗೆ. ಹೊಸ ಗಾಲಿಗೆ ಹಳೆಯ ಸರಪಣಿಯಾದರೂ ಅಷ್ಟೆ: ಹೊಸ ಹಲ್ಲುಗಳು ಬೇಗನೆ ಕೆಡುತ್ತವೆ. ಆದುದರಿಂದ ಸೆಟ್ಟನ್ನೇ ಬದಲಾಯಿಸಬೇಕೆಂಬ ಮೇಸ್ತ್ರಿಯ ಮಾತು ಸರಿಯಾದದ್ದು. ಬದಲಾಯಿಸುವ ಕಾಲ ಬಂದಿದೆಯೇ ಎಂಬುದನ್ನು ಮಾತ್ರ ನಾವೇ ಅಳೆದು ನೋಡಬಹುದು. ಸರಪಣಿಯನ್ನು ಬಿಗಿಯಾಗಿ ಎಳೆದು ಹಿಡಿದು 21 ಪಿನ್ನುಗಳನ್ನು ಎಣಿಸಿ, ಮೊದಲನೆಯದರ ನಡುವಿನಿಂದ ಕಡೆಯದರ ನಡುವಿನವರೆಗೆ ಸ್ಕೇಲು ಇಡಬೇಕು. ಹೊಸದಾದರೆ 254 ಮಿ.ಮೀ. ಇರುತ್ತದೆ. 259 ಮುಟ್ಟಿದ್ದರೆ ಅದರ ಆಯುಸ್ಸು ತೀರಿತು. ಹಿಂದಿನ ಗಾಲಿಯನ್ನಷ್ಟೇ ನೋಡಿ ತೃಪ್ತರಾಗಕೂಡದು. ಮುಚ್ಚಳದ ಮರೆಯಲ್ಲಿರುವ ಚಿಕ್ಕ ಗಾಲಿಯ ಪ್ರತಿಯೊಂದು ಹಲ್ಲೂ ಮೂರರಷ್ಟು ದುಡಿದಿರುತ್ತದೆ. ಸವೆದ ಸರಪಣಿಯು ವೇಗದಲ್ಲಿ ಹಲ್ಲು ಹಾರಿ ಹಿಂಗಾಲಿಗೆ ಸಿಕ್ಕಿಕೊಂಡರೆ ಸವಾರನ ಪ್ರಾಣಕ್ಕೇ ಸಂಚಕಾರ.

ಕೆಲಸಕ್ಕೆ ತೊಡಗುವ ಮುನ್ನ ಒಂದು ಕ್ರಮವಿದೆ. ಮುಂದಿನ ಗಾಲಿಯ ಬೋಲ್ಟುಗಳನ್ನು ಹಳೆಯ ಸರಪಣಿಯಿರುವಾಗಲೇ, ಹಿಂದಿನ ಬ್ರೇಕನ್ನು ಒತ್ತಿ ಹಿಡಿದು ಸಡಿಲಿಸಬೇಕು. ಸರಪಣಿ ತೆಗೆದ ಮೇಲೆ ಗಾಲಿಯು ಸ್ಪ್ಯಾನರಿನೊಡನೆ ತಾನೂ ತಿರುಗುತ್ತದೆ. ಹೊಸ ಸರಪಣಿಯ ಕೊಂಡಿಗಳ ಸಂಖ್ಯೆ ಬಂಡಿಗೆ ಗೊತ್ತುಪಡಿಸಿದಷ್ಟೇ ಇರಬೇಕು. ಜೋಡಣೆಯ ಕೊಂಡಿಗೆ ಕ್ಲಿಪ್ಪಿದ್ದರೆ ಅದರ ಮುಚ್ಚಿದ ತುದಿಯು ಸರಪಣಿ ಚಲಿಸುವ ದಿಕ್ಕಿಗಿರತಕ್ಕದ್ದು. ತೆರೆದ ತುದಿಯು ಮುಂದಾದರೆ ಏನಾದರೂ ತಗುಲಿದಾಗ ಕ್ಲಿಪ್ಪು ಹಿಂದಕ್ಕೆ ಜಾರಿ ಕಳಚಿಬಿಡುತ್ತದೆ.

ಬಿಗಿ ಮಾಡುವಾಗ ಉತ್ಸಾಹ ಒಳ್ಳೆಯದಲ್ಲ. ಹಿಂಗಾಲಿಯನ್ನು ಹಿಡಿದಿರುವ ಸ್ವಿಂಗ್ ಆರ್ಮ್ ತಿರುಗುವ ಕೇಂದ್ರವೂ ಮುಂದಿನ ಹಲ್ಲುಗಾಲಿಯ ಕೇಂದ್ರವೂ ಬೇರೆ ಬೇರೆ. ಸವಾರನ ಭಾರಕ್ಕೆ ಬಂಡಿ ತಗ್ಗಿ, ಇವೆರಡೂ ಹಿಂದಿನ ಅಚ್ಚೂ ಒಂದೇ ರೇಖೆಗೆ ಬಂದಾಗ ಗಾಲಿಗಳ ನಡುವಿನ ದೂರ ಅತ್ಯಧಿಕವಾಗುತ್ತದೆ. ಅದಕ್ಕಾಗಿಯೇ ಕೆಳಗಿನ ಎಳೆಯ ನಡುವೆ ಸುಮಾರು 20ರಿಂದ 30 ಮಿ.ಮೀ. ಜೋಲು ಬಿಡುವುದು, ನಿಖರವಾದ ಅಳತೆ ಬಂಡಿಯ ಕೈಪಿಡಿಯಲ್ಲಿರುತ್ತದೆ. ಜೋಲೇ ಇಲ್ಲದಿದ್ದರೆ ಪೆಟ್ಟೆಲ್ಲ ಗೇರುಪೆಟ್ಟಿಗೆಯ ಬೇರಿಂಗಿಗೆ.

ಎಣ್ಣೆಯನ್ನು ಕೆಳಗಿನ ಎಳೆಯ ಒಳಮಗ್ಗುಲಿಗೆ ಬಿಡಬೇಕು. ಸುತ್ತುವಾಗ ಅದು ಹೊರಕ್ಕೆ ಸರಿಯುತ್ತ ಕೀಲನ್ನು ಹೊಗುತ್ತದೆ. ರಬ್ಬರಿನ ಉಂಗುರಗಳಿರುವ ಸರಪಣಿಗೆ ಪೆಟ್ರೋಲು ತಾಗಿಸಬಾರದು. ಇಂಜಿನನ್ನು ಓಡಿಸಿ, ಗಾಲಿ ತಿರುಗುತ್ತಿರುವಾಗ ಬಟ್ಟೆ ಹಿಡಿದು ಸರಪಣಿ ಒರೆಸುವ ಪದ್ಧತಿಯನ್ನು ಹಲವೆಡೆ ಕಾಣುತ್ತೇವೆ. ಬಟ್ಟೆಯೊಡನೆ ಬೆರಳುಗಳೂ ಹಲ್ಲಿಗೆ ಸಿಕ್ಕಿ ತುಂಡಾದ ಉದಾಹರಣೆಗಳು ಎಷ್ಟೋ ಇವೆ. ಇಂಜಿನನ್ನು ನಿಲ್ಲಿಸಿ, ಗಾಲಿಯನ್ನು ಕೈಯಿಂದ ಸ್ವಲ್ಪ ಸ್ವಲ್ಪವೇ ತಿರುಗಿಸಿಕೊಂಡು ಒರೆಸಿದರೆ ಐದು ನಿಮಿಷ ಹೆಚ್ಚು ಹಿಡಿಯಬಹುದು. ಹೊಸ ಸರಪಣಿಯ ಕೀಲುಗಳು ಮೊದಲ ಕೆಲವು ನೂರು ಕಿಲೋಮೀಟರುಗಳಲ್ಲಿ ಕುಳಿತುಕೊಳ್ಳುವುದರಿಂದ ಜೋಲನ್ನು ಆಗ ಇನ್ನೊಮ್ಮೆ ಅಳೆದು ಸರಿಪಡಿಸಬೇಕು.