ನಡುರಾತ್ರಿ ತಜ್ಞರೆಲ್ಲಿ?

ಓದುಗರಲ್ಲಿ ಅನೇಕರು ನಮ್ಮ ಹಾಗೆಯೇ ಡೊಂಬಿವಲಿ, ಕಲ್ಯಾಣ, ಮೀರಾರೋಡ್, ವಸಯಿ ಎಂದು ದೂರದೂರದಲ್ಲಿ ಮನೆ ಮಾಡಿಕೊಂಡವರು. ನಮ್ಮ ಹಿರಿಯರು ಫೋರ್ಟು, ಪರೇಲು, ಮಾಟುಂಗಾಗಳ ಹೋಟೆಲುಗಳ ಮಾಳಿಗೆಯಲ್ಲಿ ಮಲಗಿ ದಿನ ಕಳೆದರು. ಸಂಸಾರ ಬೆಳೆದಂತೆ, ಬಾಡಿಗೆ ಏರಿದಂತೆ, ನಾವು ರೈಲು ಹಳಿಯನ್ನು ಹಿಡಿದು ಉತ್ತರಕ್ಕೆ ಸರಿದೆವು. ನಮ್ಮ ಹಿಂದೆಯೇ ಶಾಲೆ ಬಂತು, ಸಂಘ ಬಂತು, ಇಡ್ಲಿ ಹಿಟ್ಟಿನ ಅಂಗಡಿಯೂ ಬಂತು. ದೊಡ್ಡಾಸ್ಪತ್ರೆಗಳು ಮಾತ್ರ ಹೆಚ್ಚಾಗಿ ಇದ್ದಲ್ಲಿಯೇ ಉಳಿದವು. ಇದರ ಅರ್ಥ ನಮಗೆ ತಿಳಿದದ್ದು ಕಳೆದ ಮಳೆಗಾಲದ ಒಂದು ರಾತ್ರಿ.

ನಮ್ಮ ಭಾವನವರು ಹೋಟೆಲೊಂದರಲ್ಲಿ ಲೆಕ್ಕ ಬರೆಯುವವರು. ಅಂದು ರಾತ್ರಿ ಒಂದು ಗಂಟೆಗೆ ಎದ್ದು ನೀರು ಕೇಳಿ ಕುಡಿದು ಮಲಗಿದರು. ಒಂದೂವರೆಗೆ ಅಕ್ಕ ನೋಡುತ್ತಾಳೆ, ಬಾಯಿ ಒಂದು ಕಡೆಗೆ ವಾಲಿದೆ, ಮಾತು ತೊದಲುತ್ತಿದೆ, ಬಲಗೈ ಏಳುತ್ತಿಲ್ಲ. ಕೆಳಗಿನ ಮನೆಯವರ ರಿಕ್ಷಾದಲ್ಲಿ ಸ್ವಲ್ಪ ಹೊತ್ತಿನಲ್ಲಿಯೇ ಹತ್ತಿರದ ಆಸ್ಪತ್ರೆ ಮುಟ್ಟಿದೆವು. ಬಾಗಿಲ ಮೇಲೆ ಇಪ್ಪತ್ತನಾಲ್ಕು ತಾಸು ತುರ್ತು ಸೇವೆ ಎಂಬ ಫಲಕ. ಒಳಗಿದ್ದವರು ಒಬ್ಬ ತರುಣ ವೈದ್ಯರು, ಇಬ್ಬರು ದಾದಿಯರು.

ಆ ತರುಣನನ್ನು ನಾವು ದೂರಲಾರೆವು. ರಕ್ತದೊತ್ತಡ ನೋಡಿದರು, ಸಕ್ಕರೆ ನೋಡಿದರು, "ಪಾರ್ಶ್ವವಾಯು ಇರಬೇಕು ಕಾಕಾ, ತಲೆಯ ಸಿಟಿ ಸ್ಕ್ಯಾನ್ ಆಗಬೇಕು" ಎಂದರು. ಯಂತ್ರವಿತ್ತು, ಅದನ್ನು ನಡೆಸುವವನು ಬೆಳಿಗ್ಗೆ ಒಂಬತ್ತಕ್ಕೆ ಬರುವವನು. ನರರೋಗ ತಜ್ಞರ ಹೆಸರು ಗೋಡೆಯ ಮೇಲಿತ್ತು, ತಜ್ಞರು ಮನೆಯಲ್ಲಿದ್ದರು. ಫೋನು ಮೂರು ಸಲ ಬರಿದೆ ಹೊಡೆದುಕೊಂಡಿತು. ನಾಲ್ಕನೆಯ ಸಲಕ್ಕೆ ಎತ್ತಿದವರು, ತಡಮಾಡದೆ ದೊಡ್ಡಾಸ್ಪತ್ರೆಗೆ ಒಯ್ಯಿರಿ ಎಂದರು. ಆಗ ಗಂಟೆ ಮೂರಾಗಿತ್ತು.

ಆ ಒಂದು ತಾಸಿನ ಬೆಲೆ ಏನೆಂಬುದನ್ನು ಆಮೇಲೆ ತಿಳಿದೆವು. ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆಂದು ಬಲ್ಲವರ ಲೆಕ್ಕ. ಹೆಪ್ಪನ್ನು ಕರಗಿಸುವ ಚುಚ್ಚುಮದ್ದು ಉಂಟು. ಅದನ್ನು ನಾಲ್ಕೂವರೆ ತಾಸಿನೊಳಗೆ ಕೊಡಬೇಕು. ಆದರೆ ಕೆಲವರಿಗೆ ಹೆಪ್ಪಲ್ಲ, ನಾಳವೇ ಒಡೆದು ರಕ್ತ ಸೋರಿರುತ್ತದೆ. ಅಂಥವರಿಗೆ ಅದೇ ಮದ್ದು ಪ್ರಾಣಕ್ಕೆ ಮುಳುವು. ಯಾವುದೆಂದು ಹೊರಗಿನಿಂದ ಹೇಳುವಂತಿಲ್ಲ, ಸ್ಕ್ಯಾನ್ ಆಗಲೇಬೇಕು, ಅದನ್ನು ಓದುವವರೂ ಬೇಕು.

ಮುಂಬಯಿಯೊಳಗಿನ ಆಸ್ಪತ್ರೆ ಮುಟ್ಟುವಾಗ ನಾಲ್ಕು ದಾಟಿತ್ತು. ಅಲ್ಲಿ ಮೊದಲು ಕೇಳಿದ್ದು, "ಇವರನ್ನು ಕೊನೆಯದಾಗಿ ಸರಿಯಾಗಿದ್ದಂತೆ ಕಂಡದ್ದು ಎಷ್ಟು ಗಂಟೆಗೆ?" ಎಂದು. ಗಡಿಯಾರ ಅಲ್ಲಿಂದ ಶುರುವಂತೆ. ನೀರು ಕೊಟ್ಟ ಅಕ್ಕನಿಗೆ ನೆನಪಿತ್ತು, ಒಂದು ಗಂಟೆ. ಆಕೆ ನಿದ್ದೆಗಣ್ಣಿನಲ್ಲಿ ಗಡಿಯಾರ ನೋಡದೆ ಇದ್ದಿದ್ದರೆ ಮಲಗಿದ ಹೊತ್ತನ್ನೇ ಹಿಡಿಯಬೇಕಾಗುತ್ತಿತ್ತು, ಮದ್ದಿನ ಅವಧಿ ಮೀರಿಹೋಗುತ್ತಿತ್ತು. ಐದಕ್ಕೆ ಚುಚ್ಚಿದರು.

ದೊಡ್ಡಾಸ್ಪತ್ರೆಯಲ್ಲಿ ರಾತ್ರಿ ವೈದ್ಯರಿರುವುದು ಏಕೆ, ಸಣ್ಣದರಲ್ಲಿ ಇಲ್ಲದಿರುವುದು ಏಕೆ? ಪರೇಲಿನ ಕೆ.ಇ.ಎಂ. (1926ರಲ್ಲಿ ತೆರೆದದ್ದು), ನಾಯರ್, ಸಯನ್, ಸರಕಾರದ ಜೆ.ಜೆ. ಇವೆಲ್ಲ ವೈದ್ಯಕೀಯ ಕಾಲೇಜುಗಳಿಗೆ ಸೇರಿದವು. ತಜ್ಞರಾಗಲು ಓದುತ್ತಿರುವ ತರುಣರು ಅಲ್ಲಿಯೇ ಹಗಲಿರುಳು ದುಡಿಯುತ್ತಾರೆ. ರಾತ್ರಿಯನ್ನು ಕಾಯುವವರು ಹೆಚ್ಚಾಗಿ ಅವರೇ. ಬರಿಯ ಉಪನಗರದ ಆಸ್ಪತ್ರೆಗೆ ಆ ಬಲವಿಲ್ಲ. ಖಾಸಗಿ ನರ್ಸಿಂಗ್ ಹೋಮುಗಳದು ಇನ್ನೊಂದು ಕತೆ: ಒಬ್ಬ ತಜ್ಞರು ನಾಲ್ಕೈದು ಕಡೆ ಭೇಟಿ ಕೊಡುವವರು, ರಾತ್ರಿ ಉಳಿಯುವವರು ಅನೇಕ ಕಡೆ ಆಯುರ್ವೇದ ಅಥವಾ ಹೋಮಿಯೋಪತಿ ಓದಿದವರು. ತಿಂಗಳಿಗೆ ಒಬ್ಬಿಬ್ಬರು ರೋಗಿಗಳಿಗಾಗಿ ನರರೋಗ ತಜ್ಞರನ್ನು ರಾತ್ರಿಯಿಡೀ ಕೂರಿಸಿಕೊಳ್ಳುವುದು ಯಾರಿಂದಲೂ ಆಗದು, ಒಪ್ಪೋಣ. ಆಗಬೇಕಾದದ್ದು, ಮೊದಲ ಹತ್ತು ನಿಮಿಷದಲ್ಲಿಯೇ "ನಮ್ಮಿಂದಾಗದು, ಇಂಥಲ್ಲಿ ಹಾಸಿಗೆ ಇದೆ, ಅಲ್ಲಿಗೆ ಹೇಳಿದ್ದೇವೆ" ಎಂಬ ಮಾತು.

ಇದು ಹೊಸ ಬೇಡಿಕೆಯಲ್ಲ. 1992ರಲ್ಲಿ ಬಂಗಾಳದ ಕೂಲಿಕಾರನೊಬ್ಬ ರೈಲಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ. ಕಲಕತ್ತೆಯ ಸರಕಾರಿ ಆಸ್ಪತ್ರೆಗಳು ಹಾಸಿಗೆಯಿಲ್ಲ, ಸಾಧನವಿಲ್ಲವೆಂದು ಒಂದಾದ ಮೇಲೊಂದು ತಿರುಗಿಸಿ ಕಳುಹಿಸಿದವು. 1996ರಲ್ಲಿ ಸುಪ್ರೀಂ ಕೋರ್ಟು, ಇದು ಬದುಕುವ ಹಕ್ಕಿಗೇ ಭಂಗವೆಂದು ಹೇಳಿ 25,000 ರೂಪಾಯಿ ಪರಿಹಾರ ಕೊಡಿಸಿತು. ಎಲ್ಲಿ ಹಾಸಿಗೆಯಿದೆಯೋ ಅಲ್ಲಿಗೆ ರೋಗಿಯನ್ನು ಕೂಡಲೇ ಕಳುಹಿಸುವಂತೆ ರಾಜ್ಯಕ್ಕೊಂದು ಸಂಪರ್ಕ ವ್ಯವಸ್ಥೆ ಬೇಕೆಂದೂ ಹೇಳಿತು. ಸ್ಥಳೀಯ ರೈಲಿನಲ್ಲಿ ನೇತಾಡುವ ನಮ್ಮ ಮಕ್ಕಳನ್ನು ನೆನೆದಾಗ ಈ ತೀರ್ಪು ಮುಂಬಯಿಗೆಂದೇ ಬರೆದಂತಿದೆ.

ಊರಿನ ಕಡೆ ಒಂದು ಒಳ್ಳೆಯ ಕೆಲಸ ನಡೆದಿದೆ. 2021ರಲ್ಲಿ ಅಗಲಿದ ಪುನೀತ್ ರಾಜ್‌ಕುಮಾರರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ, ತಾಲೂಕು ಆಸ್ಪತ್ರೆಯಲ್ಲಿ ಎದೆನೋವಿನವರಿಗೆ ತೆಗೆದ ಇ.ಸಿ.ಜಿ.ಯನ್ನು ಜಯದೇವದಂಥ ದೊಡ್ಡಾಸ್ಪತ್ರೆಯ ತಜ್ಞರು ದೂರದಿಂದಲೇ ಓದುತ್ತಾರೆ. ಹೃದಯಾಘಾತವೆಂದಾದರೆ ಹೆಪ್ಪು ಕರಗಿಸುವ ದುಬಾರಿ ಮದ್ದನ್ನು ಅಲ್ಲಿನ ವೈದ್ಯರೇ ಉಚಿತವಾಗಿ ಕೊಡುತ್ತಾರೆ. ದೊಡ್ಡಾಸ್ಪತ್ರೆಗೆ ಪ್ರಯಾಣ ಆಮೇಲೆ. ತಜ್ಞರು ಬರಲಿಲ್ಲ, ತಜ್ಞರ ಕಣ್ಣು ಬಂತು.

ಇಷ್ಟಾದ ಮೇಲೆ ಒಂದು ಭಾನುವಾರ ನಾವು ಮನೆಯ ಸುತ್ತಲಿನ ಮೂರು ಆಸ್ಪತ್ರೆಗಳಿಗೆ ಹೋಗಿ ಕೇಳಿದೆವು: ರಾತ್ರಿ ಹತ್ತರ ಮೇಲೆ ಸ್ಕ್ಯಾನ್ ನಡೆಯುತ್ತದೆಯೆ, ಓದುವವರು ಯಾರು, ಆಗದಿದ್ದರೆ ಎಲ್ಲಿಗೆ ಕಳುಹಿಸುತ್ತೀರಿ? ಒಂದು ಕಡೆ ಮೇಜಿನ ಹುಡುಗಿ ಗದರಿದಳು. ಇನ್ನೊಂದು ಕಡೆ, ಹೃದಯಕ್ಕೆ ಬನ್ನಿ, ತಲೆಗೆ ಬೇಡ ಎಂದು ನೇರವಾಗಿ ಹೇಳಿದರು. ಅವರ ಮೇಲೆ ನಮಗೆ ಗೌರವ ಹುಟ್ಟಿತು. ಮೂರನೆಯದರಲ್ಲಿ ಸ್ಕ್ಯಾನ್ ಇರುಳೂ ನಡೆಯುತ್ತದೆ, ನಮ್ಮ ಮನೆಯಿಂದ ಒಂದೂವರೆ ಮೈಲು. ಅದರ ಹೆಸರನ್ನೂ 108ನ್ನೂ ಬರೆದು ಅಕ್ಕ ಅಡಿಗೆಮನೆಯ ಬಾಗಿಲಿಗೆ ಅಂಟಿಸಿದ್ದಾಳೆ.

ಭಾವನವರಿಗೆ ಮಾತು ಮರಳಿದೆ, ಬಲಗೈ ಪೂರ್ತಿ ಮರಳಿಲ್ಲ. ಎಡಗೈಯಲ್ಲಿ ಲೆಕ್ಕ ಬರೆಯಲು ಕಲಿಯುತ್ತಿದ್ದಾರೆ. ಒಂದೂ ಏಳೂ ಒಂದೇ ತರ ಕಾಣುತ್ತವೆಂದು ಹೋಟೆಲಿನ ಮಾಲಕರು ನಗೆಯಾಡುತ್ತಾರಂತೆ.