ಆಸ್ಪತ್ರೆ ಬೋರ್ಡಿನಲ್ಲಿ ಗ್ರೀಕ್, ಲ್ಯಾಟಿನ್!

ನಿಮಗಿದು ಗೊತ್ತೆ? ಆಸ್ಪತ್ರೆಯಲ್ಲಿ ಕಾಣುವ, ನಾಲಿಗೆ ಹೊರಳದ ಇಂಗ್ಲಿಷ್ ಪದಗಳಲ್ಲಿ ಬಹುಪಾಲು ಗ್ರೀಕ್ ಮತ್ತು ಲ್ಯಾಟಿನ್ ಧಾತುಗಳಿಂದ ಕಟ್ಟಿದವು. ಬಿಡಿಸಲು ಕಲಿತರೆ ಬಾಯಿಪಾಠ ಬೇಕಿಲ್ಲ.

‘ಹೈಪೊಗ್ಲೈಸೀಮಿಯಾ’ವನ್ನೇ ನೋಡಿ. ಗ್ರೀಕಿನಲ್ಲಿ ‘ಹೈಪೊ’ ಎಂದರೆ ಕೆಳಗೆ, ‘ಗ್ಲೈಸ್’ ಭಾಗಕ್ಕೆ ಸಿಹಿ ಎಂದರ್ಥ, ‘ಈಮಿಯಾ’ ರಕ್ತಕ್ಕೆ ಸಂಬಂಧಿಸಿದ್ದು. ಅಂದರೆ ರಕ್ತದಲ್ಲಿ ಸಕ್ಕರೆ ಅಂಶ ಇಳಿದಿದೆ. ‘ಹೈಪೊ’ ತೆಗೆದು ‘ಹೈಪರ್’ ಇಟ್ಟರೆ, ಏರಿದೆ! ಇವೆರಡನ್ನು ಅದಲುಬದಲು ಮಾಡಿಕೊಳ್ಳುವವರು ಬಹಳ. ಕನ್ನಡಿಗರಿಗೆ ಸುಲಭದ ದಾರಿಯೊಂದಿದೆ: ‘ಹೈಪರ್’ ನಾವು ಬಲ್ಲ ಸಂಸ್ಕೃತದ ‘ಉಪರಿ’ಯ ಬಂಧು, ‘ಹೈಪೊ’ ‘ಉಪ’ದ ಬಂಧು. ಅಧ್ಯಕ್ಷರ ಕೆಳಗೆ ಉಪಾಧ್ಯಕ್ಷರಿದ್ದಂತೆ ಎಂದುಕೊಂಡರೆ ಮತ್ತೆ ತಪ್ಪುವುದಿಲ್ಲ. ‘ಕಾರ್ಡಿಯಾಲಜಿ’ಯ ‘ಕಾರ್ಡಿಯಾ’ ಮತ್ತು ‘ಹೃದಯ’ ಕೂಡ ಒಂದೇ ಬೇರಿನವು.

ಪದದ ಕೊನೆಗೆ ‘ಐಟಿಸ್’ ಬಂದರೆ ಸಾಮಾನ್ಯವಾಗಿ ಉರಿಯೂತ: ಹೆಪಟೈಟಿಸ್ ಯಕೃತ್ತಿನದು, ಆರ್ಥ್ರೈಟಿಸ್ ಕೀಲುಗಳದು.

ಕಿಡ್ನಿಗಂತೂ ಎರಡೂ ಭಾಷೆಯ ಪಾಲಿದೆ. ಅದರ ತಜ್ಞರು ಗ್ರೀಕಿನ ‘ನೆಫ್ರೋಸ್’ನಿಂದ ನೆಫ್ರಾಲಜಿಸ್ಟ್, ಅವರು ಬರೆದುಕೊಡುವ ‘ರೀನಲ್ ಫಂಕ್ಷನ್ ಟೆಸ್ಟ್’ನ ‘ರೀನಲ್’ ಲ್ಯಾಟಿನ್ನಿನದು.