ವಿಶೇಷ ಮಕ್ಕಳ ನಿದ್ರೆ: ಕಾರಣ ಮತ್ತು ಉಪಾಯ

ಆಹಾರ, ನಿದ್ರೆ, ಬ್ರಹ್ಮಚರ್ಯ ಇವು ಮೂರು ದೇಹಧಾರಣೆಗೆ ಉಪಸ್ತಂಭಗಳು, ಅಂದರೆ ಆಸರೆಗಂಬಗಳು ಎಂದು ಚರಕಸಂಹಿತೆ ಹೇಳುತ್ತದೆ. ನಿದ್ರೆಯನ್ನು ಆಹಾರದ ಮಗ್ಗುಲಲ್ಲಿಯೇ ಇರಿಸಿದ ಆ ಗ್ರಂಥಕಾರನು ಸುಖದುಃಖಗಳೂ ಬಲಾಬಲಗಳೂ ಅಷ್ಟೇ ಅಲ್ಲದೆ ಜ್ಞಾನಾಜ್ಞಾನಗಳೂ ನಿದ್ರೆಗೆ ಅಧೀನವೆಂದು ಮುಂದೆ ವಿವರಿಸಿದ್ದಾನೆ. ಜ್ಞಾನವೂ ನಿದ್ರೆಗೆ ಅಧೀನವೆಂದ ಮೇಲೆ ಮಕ್ಕಳ ನಿದ್ರೆಯ ವಿಚಾರವು ಶಾಲೆಗೆ ಹೊರತಾದುದಲ್ಲ. ಹಸಿದ ಮಗುವಿಗೆ ಪಾಠ ಹತ್ತದೆಂಬುದನ್ನು ಎಲ್ಲರೂ ಬಲ್ಲರು. ನಿದ್ರೆಗೆಟ್ಟ ಮಗುವಿಗೂ ಪಾಠ ಹತ್ತದೆಂಬುದನ್ನು ಬಲ್ಲವರು ವಿರಳ.

ತೊಟ್ಟಿಲು ತೂಗಿ ಜೋಗುಳ ಹಾಡಿದರೆ ಮಗು ತಾನಾಗಿ ಮಲಗುತ್ತದೆ ಎಂಬುದು ಲೋಕದ ಸಾಮಾನ್ಯ ನಂಬಿಕೆ. ಆದರೆ ಎಷ್ಟೋ ಮನೆಗಳಲ್ಲಿ ರಾತ್ರಿಯೆಂಬುದು ವಿಶ್ರಾಂತಿಯಲ್ಲ, ಪರೀಕ್ಷೆ. ಅಂಥ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಏಳು ವರ್ಷದ ಬಾಲಕ; ಮಾತು ಇನ್ನೂ ಸರಿಯಾಗಿ ಬಂದಿಲ್ಲ. ಒಂಬತ್ತಕ್ಕೆ ಹಾಸಿಗೆಗೆ ಕರೆದೊಯ್ದರೂ ಹನ್ನೊಂದರವರೆಗೆ ಕಣ್ಣು ಮುಚ್ಚುವುದಿಲ್ಲ. ಎರಡಕ್ಕೆ ಎದ್ದು ಕುಣಿಯುತ್ತಾನೆ, ಬಾಗಿಲು ಬಡಿಯುತ್ತಾನೆ. ತಾಯಿ ಅವನ ಹಿಂದೆ ತಿರುಗುತ್ತಾಳೆ. ಬೆಳಗಾದ ಮೇಲೆ ಒಬ್ಬರು ದೃಷ್ಟಿಯಾಗಿದೆ ಎನ್ನುತ್ತಾರೆ, ಮತ್ತೊಬ್ಬರು ತಾಯಿ ಮುದ್ದು ಮಾಡಿ ಕೆಡಿಸಿದಳು ಎನ್ನುತ್ತಾರೆ. ಶಾಲೆಯಲ್ಲಿ ಅವನು ತೂಕಡಿಸಿದರೆ ಸೋಮಾರಿಯೆಂಬ ಬಿರುದು. ಈ ಮೂರು ಮಾತುಗಳೂ ಸತ್ಯಕ್ಕೆ ದೂರ. ಇಂಥ ಮಗುವಿನ ನಿದ್ರಾಹೀನತೆ ಹಟವೂ ಅಲ್ಲ, ತಾಯಿಯ ತಪ್ಪೂ ಅಲ್ಲ. ಅದಕ್ಕೆ ಕಾರಣವುಂಟು, ಕಾರಣವಿರುವುದರಿಂದಲೇ ಉಪಾಯವೂ ಉಂಟು.

ನಮ್ಮ ದೇಶದ 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಅವುಗಳ ಪೈಕಿ ಆಟಿಸಂ ಎಂದು ವೈದ್ಯರು ಕರೆಯುವ ಸ್ವಲೀನತೆ, ಬೌದ್ಧಿಕ ನ್ಯೂನತೆ, ಸ್ನಾಯುಗಳನ್ನು ಬಿಗಿಗೊಳಿಸುವ ಸೆರೆಬ್ರಲ್ ಪಾಲ್ಸಿ, ಅಂಧತ್ವ ಮುಂತಾದವು ನಿದ್ರೆಯನ್ನು ಬಹಳವಾಗಿ ಬಾಧಿಸುತ್ತವೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿಯೂ ಮೂರ್ಛೆರೋಗದ ಮಕ್ಕಳಲ್ಲಿಯೂ ಈ ತೊಂದರೆ ಹೆಚ್ಚು. ಸ್ವಲೀನತೆಯುಳ್ಳ ಮಕ್ಕಳಲ್ಲಂತೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ನಿದ್ರೆಯ ತೊಂದರೆ ಇರುತ್ತದೆಂದು ಅನೇಕ ಸಮೀಕ್ಷೆಗಳು ಕಂಡುಕೊಂಡಿವೆ. ಮೂರರಿಂದ ಐದು ವರ್ಷದ ಮಗುವಿಗೆ ಹಗಲುನಿದ್ರೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆ, ಆರರಿಂದ ಹನ್ನೆರಡು ವರ್ಷದ ಮಗುವಿಗೆ 9ರಿಂದ 12 ಗಂಟೆ ನಿದ್ರೆ ಬೇಕೆಂಬುದು ತಜ್ಞರ ಅಭಿಮತ. ಈ ಅಳತೆಯಿಂದ ನೋಡಿದರೆ ಮೇಲೆ ಹೇಳಿದ ಬಾಲಕನು ಪ್ರತಿರಾತ್ರಿ ಎಷ್ಟು ಕಳೆದುಕೊಳ್ಳುತ್ತಿದ್ದಾನೆಂಬುದು ತಿಳಿದೀತು.

ಉಪಾಯಕ್ಕೆ ಮೊದಲು ನಿದ್ರೆಯ ಕ್ರಮವನ್ನು ಅರಿಯಬೇಕು. ನಿದ್ರೆಯನ್ನು ತರುವ ಶಕ್ತಿಗಳು ಎರಡು. ಎಚ್ಚರವಾಗಿದ್ದಷ್ಟೂ ದೇಹದಲ್ಲಿ ಬೆಳೆಯುತ್ತ ಹೋಗುವ ನಿದ್ರೆಯ ಒತ್ತಡ ಒಂದು. ಮಿದುಳಿನೊಳಗಿನ ಗಡಿಯಾರ ಇನ್ನೊಂದು. ಈ ಗಡಿಯಾರವು ಕಣ್ಣಿಗೆ ಬೀಳುವ ಬೆಳಕನ್ನು ಅನುಸರಿಸಿ ಹಗಲು ಯಾವುದು, ಇರುಳು ಯಾವುದು ಎಂದು ದೇಹಕ್ಕೆ ತಿಳಿಸುತ್ತದೆ. ಕತ್ತಲಾದೊಡನೆ ಮಿದುಳಿನ ಪೀನಿಯಲ್ ಗ್ರಂಥಿಯು ಮೆಲಟೋನಿನ್ ಎಂಬ ರಸವನ್ನು ಸ್ರವಿಸಿ ಮಲಗುವ ಹೊತ್ತು ಬಂದಿತೆಂದು ಸೂಚಿಸುತ್ತದೆ. ಈ ರಸವನ್ನು ಮೊದಲು ಬೇರ್ಪಡಿಸಿದ್ದು 1958ರಲ್ಲಿ. ಜೀವಕೋಶಗಳಲ್ಲಿ ಈ ಗಡಿಯಾರ ನಡೆಯುವ ಬಗೆಯನ್ನು ಶೋಧಿಸಿದ ಹಾಲ್, ರಾಸ್ಬ್ಯಾಶ್, ಯಂಗ್ ಎಂಬ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ವಿಶೇಷ ಮಕ್ಕಳಲ್ಲಿ ಎಷ್ಟೋ ಮಂದಿಗೆ ಈ ಗಡಿಯಾರದ ನಡೆಯೇ ವ್ಯತ್ಯಸ್ತವಾಗಿರುತ್ತದೆ. ಬೆಳಕಿನ ಅರಿವೇ ಇಲ್ಲದ ಅಂಧ ಮಗುವಿನ ನಿದ್ರೆಯ ಹೊತ್ತು ದಿನದಿಂದ ದಿನಕ್ಕೆ ಜಾರುತ್ತ ಹೋಗುವುದಕ್ಕೆ ಇದೇ ಕಾರಣ.

ಇನ್ನೊಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ರಾತ್ರಿಯಿಡೀ ಎಡೆಬಿಡದೆ ಮಲಗುವ ಮಗು ಲೋಕದಲ್ಲಿಲ್ಲ. ನಿದ್ರೆಯು ಅಲೆಗಳಂತೆ ಏರಿಳಿಯುತ್ತ, ಪ್ರತಿ ಅಲೆಯ ಕೊನೆಯಲ್ಲಿ ಎಲ್ಲ ಮಕ್ಕಳೂ ಕ್ಷಣಕಾಲ ಎಚ್ಚರಗೊಳ್ಳುತ್ತಾರೆ. ಬಹುಪಾಲು ಮಕ್ಕಳು ಮಗ್ಗುಲು ಬದಲಿಸಿ ಮತ್ತೆ ಮಲಗುವರು. ಬೆಳಿಗ್ಗೆ ಅದರ ನೆನಪೂ ಇರದು. ಆದರೆ ತಾಯಿಯ ತೊಡೆಯ ಮೇಲೆಯೇ, ಇಲ್ಲವೆ ಮೊಬೈಲಿನ ಹಾಡು ಕೇಳುತ್ತಲೇ ಮಲಗುವುದನ್ನು ಕಲಿತ ಮಗುವಿಗೆ ನಡುರಾತ್ರಿ ಎಚ್ಚರವಾದಾಗ ಆ ತೊಡೆಯೂ ಇಲ್ಲ, ಹಾಡೂ ಇಲ್ಲ. ಮತ್ತೆ ಮಲಗುವ ದಾರಿ ತಿಳಿಯದೆ ಅದು ಎದ್ದು ಕೂರುತ್ತದೆ. ಆದಕಾರಣ ರಾತ್ರಿ ಎರಡು ಗಂಟೆಯ ತೊಂದರೆಗೆ ಅನೇಕ ವೇಳೆ ಪರಿಹಾರವಿರುವುದು ರಾತ್ರಿ ಒಂಬತ್ತು ಗಂಟೆಯಲ್ಲಿ.

ಆದರೂ ಅಭ್ಯಾಸವನ್ನು ತಿದ್ದಹೊರಡುವ ಮೊದಲು ಶರೀರದ ಬಾಧೆಗಳನ್ನು ಶೋಧಿಸುವುದು ಅಗತ್ಯ. ಮಾತು ಬಾರದ ಮಗು ಹಲ್ಲುನೋವನ್ನಾಗಲಿ, ಮಲಬದ್ಧತೆಯನ್ನಾಗಲಿ, ಎದೆಯುರಿಯನ್ನಾಗಲಿ ಬಾಯಿಬಿಟ್ಟು ಹೇಳಲಾರದು. ರಾತ್ರಿಯ ಅಳುವೇ ಅದರ ಮಾತು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಉಸಿರಿನ ದಾರಿ ಕಿರಿದಾಗಿದ್ದು ನಿದ್ರೆಯಲ್ಲಿ ಉಸಿರು ಕಟ್ಟುವುದುಂಟು. ನಾಲ್ಕು ವರ್ಷ ತುಂಬುವುದರೊಳಗೆ ಈ ಮಕ್ಕಳಿಗೆ ನಿದ್ರೆಯ ಪರೀಕ್ಷೆ ಮಾಡಿಸಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಸೂಚಿಸಿದೆ. ಯಾವ ಮಗುವೇ ಆಗಲಿ, ಜೋರಾಗಿ ಗೊರಕೆ ಹೊಡೆಯುತ್ತ, ನಡುನಡುವೆ ಉಸಿರು ನಿಂತು ಬೆಚ್ಚುತ್ತಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಸೆರೆಬ್ರಲ್ ಪಾಲ್ಸಿಯ ಮಗು ಬಿಗಿದ ಸ್ನಾಯುಗಳಿಂದಾಗಿ ತಾನೇ ಮಗ್ಗುಲು ಬದಲಿಸಲಾರದೆ ನೋಯುತ್ತದೆ. ಅದನ್ನು ಮಲಗಿಸುವ ಭಂಗಿಯನ್ನು ಫಿಸಿಯೋಥೆರಪಿ ಬಲ್ಲವರಿಂದ ಕಲಿಯಬೇಕು. ರಕ್ತದಲ್ಲಿ ಕಬ್ಬಿಣಾಂಶ ಕಡಿಮೆಯಾದರೆ ಕಾಲುಗಳಲ್ಲಿ ತಳಮಳವುಂಟಾಗಿ ನಿದ್ರೆ ಕೆಡುತ್ತದೆ. ಮೂರ್ಛೆರೋಗವು ಕೆಲವೊಮ್ಮೆ ನಿದ್ರೆಯಲ್ಲಿಯೇ ತೋರುತ್ತದೆ; ನಿದ್ರೆ ಕೆಟ್ಟರೆ ಮೂರ್ಛೆಯೂ ಹೆಚ್ಚುತ್ತದೆ. ಇವೆಲ್ಲ ಚಿಕಿತ್ಸೆಗೆ ಒಳಪಡುವ ಬಾಧೆಗಳು.

ವೈದ್ಯರ ಬಳಿಗೆ ಹೋಗುವ ಮುನ್ನ ಎರಡು ವಾರಗಳ ಕಾಲ ಒಂದು ನೋಟುಪುಸ್ತಕದಲ್ಲಿ ನಿದ್ರೆಯ ದಿನಚರಿಯನ್ನು ಬರೆದಿಡುವುದು ಬಹು ಉಪಯುಕ್ತ. ಮಲಗಿಸಿದ ಹೊತ್ತು, ಕಣ್ಣು ಮುಚ್ಚಿದ ಹೊತ್ತು, ನಡುವೆ ಎದ್ದ ಹೊತ್ತು, ಬೆಳಿಗ್ಗೆ ಎದ್ದ ಹೊತ್ತು, ಹಗಲಿನ ನಿದ್ರೆ, ರಾತ್ರಿ ಉಂಡದ್ದು, ಕೊಟ್ಟ ಔಷಧ, ಇಷ್ಟು ಸಾಕು. ನಿದ್ರೆಗೆಟ್ಟ ತಾಯಿಗೆ ಎಲ್ಲ ರಾತ್ರಿಗಳೂ ಒಂದೇ ತೆರನಾಗಿ ತೋರುತ್ತವೆ. ಬರೆದುದನ್ನು ನೋಡಿದಾಗ ಮಾತ್ರ ಮಂಗಳವಾರ ಏಕೆ ಚೆನ್ನಾಗಿತ್ತು, ಭಾನುವಾರ ಏಕೆ ಕೆಟ್ಟಿತು ಎಂಬುದು ಹೊಳೆಯುತ್ತದೆ.

ಬಳಿಕ ಸಂಜೆಯ ನೇಮ. ಸ್ವಲೀನತೆಯುಳ್ಳ ಮಗುವಿಗೆ ಮುಂದೇನಾಗುವುದೆಂದು ತಿಳಿಯದಿರುವುದೇ ದೊಡ್ಡ ಭಯ. ದಿನವೂ ಅದೇ ಹೊತ್ತಿಗೆ, ಅದೇ ಕ್ರಮದಲ್ಲಿ ಕೆಲಸಗಳು ನಡೆದರೆ ಆ ಭಯ ಅಡಗುತ್ತದೆ. ಬೆಚ್ಚನೆಯ ನೀರಿನ ಸ್ನಾನ, ಊಟ, ಹಲ್ಲುಜ್ಜುವುದು, ಹಣೆಗೆ ವಿಭೂತಿ, ಪ್ರತಿದಿನವೂ ಅದೇ ಒಂದು ವಚನ, ದೀಪ ಆರಿಸುವುದು. ಈ ಕ್ರಮವನ್ನು ಚಿತ್ರಗಳಾಗಿ ಬರೆದು ಗೋಡೆಗೆ ಅಂಟಿಸಿದರೆ ಮಾತು ತಿಳಿಯದ ಮಗುವೂ ಒಂದೊಂದನ್ನೇ ಮುಟ್ಟಿ ತೋರಿಸಿ ಮುಂದೆ ಸಾಗುತ್ತದೆ. ಮಲಗುವುದಕ್ಕೆ ಒಂದು ಗಂಟೆ ಮೊದಲೇ ದೂರದರ್ಶನವನ್ನೂ ಮೊಬೈಲನ್ನೂ ಬದಿಗಿರಿಸಬೇಕು. ಅವುಗಳ ಬೆಳಕು ಇರುಳನ್ನು ಹಗಲೆಂದು ಮಿದುಳಿಗೆ ಸುಳ್ಳು ಹೇಳುತ್ತದೆ. ಸಂಜೆಯ ಚಹಾ ಕಾಫಿಗಳೂ ಸಲ್ಲವು. ಬೆಳಗಿನ ಬಿಸಿಲು ಮತ್ತು ಹಗಲಿನ ಆಟಗಳು ರಾತ್ರಿಯ ನಿದ್ರೆಗೆ ಬಿತ್ತನೆಯಿದ್ದಂತೆ. ಕೆಲವು ಮಕ್ಕಳಿಗೆ ಕಂಬಳಿಯ ಒರಟು ಸಹಿಸದು. ಅವರಿಗೆ ತೊಳೆದು ತೊಳೆದು ಮೆತ್ತಗಾದ ಹಳೆಯ ಸೀರೆಯ ಕೌದಿ ಹಿತವೆನಿಸೀತು.

ಮುಂದಿನ ಮೆಟ್ಟಿಲು ತಾನಾಗಿ ಮಲಗುವುದನ್ನು ಕಲಿಸುವುದು. ಮಗುವನ್ನು ತಾಯಿಯ ಬಳಿ ಮಲಗಿಸಿಕೊಳ್ಳುವ ನಮ್ಮ ರೂಢಿಯಲ್ಲಿ ದೋಷವೇನೂ ಇಲ್ಲ. ಮಲಗುವಾಗ ಇದ್ದ ಸ್ಥಿತಿಯೇ ನಡುರಾತ್ರಿಯಲ್ಲಿಯೂ ಇರಬೇಕೆಂಬುದಷ್ಟೇ ನಿಯಮ. ತೊಡೆಯ ಮೇಲೆ ಮಲಗುವ ಮಗುವನ್ನು ಮೊದಲು ಹಾಸಿಗೆಯ ಮೇಲೆ ಮಲಗಿಸಿ ಬೆನ್ನು ತಟ್ಟುವುದು. ಕೆಲವು ದಿನಗಳ ನಂತರ ತಟ್ಟದೆ ಕೈಯನ್ನು ಮಾತ್ರ ಇರಿಸುವುದು. ಆಮೇಲೆ ಪಕ್ಕದಲ್ಲಿ ಸುಮ್ಮನೆ ಕುಳಿತಿರುವುದು. ಕ್ರಮೇಣ ದೂರ ಸರಿಯುವುದು. ನಡುರಾತ್ರಿ ಎದ್ದರೆ ದೀಪ ಹಚ್ಚದೆ, ಮಾತು ಬೆಳೆಸದೆ, ಸಿಟ್ಟಾಗದೆ ಮತ್ತೆ ಹಾಸಿಗೆಗೆ ಕರೆತರುವುದು. ಮೊದಲ ಕೆಲವು ರಾತ್ರಿಗಳು ಮೊದಲಿಗಿಂತ ಕಠಿನವಾಗುವುದು ಸಹಜ. ಮೂರು ದಿನ ಪಾಲಿಸಿ ನಾಲ್ಕನೆಯ ದಿನ ಕೈಬಿಟ್ಟರೆ, ಹೆಚ್ಚು ಅತ್ತರೆ ತೊಡೆ ಸಿಗುವುದೆಂಬ ಪಾಠವನ್ನೇ ಮಗುವಿಗೆ ಕಲಿಸಿದಂತಾಗುತ್ತದೆ.

ಹನ್ನೊಂದಕ್ಕೆ ಮಲಗುವ ಮೇಲಿನ ಬಾಲಕನಿಗೆ ಇನ್ನೊಂದು ಉಪಾಯವುಂಟು. ಅವನನ್ನು ಒಂಬತ್ತಕ್ಕೆ ಮಲಗಿಸಿ ಎರಡು ಗಂಟೆ ಹೋರಾಡುವ ಬದಲು, ಅವನಿಗೆ ನಿಜವಾಗಿ ನಿದ್ರೆ ಬರುವ ಹನ್ನೊಂದಕ್ಕೇ ಹಾಸಿಗೆಗೆ ಕರೆದೊಯ್ಯಬೇಕು. ಎಷ್ಟೇ ತಡವಾಗಿ ಮಲಗಿದರೂ ಬೆಳಿಗ್ಗೆ ಆರೂವರೆಗೆ ಎಬ್ಬಿಸಬೇಕು. ಹಾಸಿಗೆ ಸೇರಿದ ಸ್ವಲ್ಪ ಹೊತ್ತಿನಲ್ಲೇ ಮಲಗುವುದು ರೂಢಿಯಾದ ಮೇಲೆ ಆ ಹೊತ್ತನ್ನು 15 ನಿಮಿಷ ಹಿಂದಕ್ಕೆ ತರಬೇಕು. ನಾಲ್ಕು ದಿನಕ್ಕೊಮ್ಮೆ ಹೀಗೆ ಸರಿಸಿದರೆ ಆರು ಸಲಕ್ಕೆ, ಅಂದರೆ ಸುಮಾರು 24 ದಿನಗಳಲ್ಲಿ ಹನ್ನೊಂದು ಗಂಟೆ ಒಂಬತ್ತೂವರೆಯಾಗುತ್ತದೆ. ಒಂಬತ್ತು ಗಂಟೆಗಳ ನಿದ್ರೆಗೆ ಎಡೆ ದೊರೆಯುತ್ತದೆ. ಮೂರ್ಛೆರೋಗವುಳ್ಳ ಮಗುವಿಗೆ ಮಾತ್ರ ಈ ಕ್ರಮವನ್ನು ವೈದ್ಯರ ಅನುಮತಿಯಿಲ್ಲದೆ ಅನುಸರಿಸಕೂಡದು.

ಔಷಧದ ವಿಷಯದಲ್ಲಿ ಎಚ್ಚರಿಕೆ ಅವಶ್ಯ. ಮಂಪರು ಬರಲೆಂದು ಶೀತಕೆಮ್ಮಿನ ಸಿರಪ್ಪನ್ನು ರಾತ್ರಿ ಕುಡಿಸುವ ರೂಢಿ ಕೆಲವೆಡೆ ಉಂಟು. ಇದು ಅಪಾಯಕರ, ಕೆಲವು ಮಕ್ಕಳು ಅದರಿಂದ ಮಲಗುವ ಬದಲು ಇನ್ನಷ್ಟು ಕೆರಳುತ್ತಾರೆ. ಮೆಲಟೋನಿನ್ ಮಾತ್ರೆಯಿಂದ ಅನೇಕ ವಿಶೇಷ ಮಕ್ಕಳಿಗೆ ಪ್ರಯೋಜನವಾಗಿರುವುದು ನಿಜ. ಆದರೆ 2012ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಒಂದು ಪರೀಕ್ಷೆಯಲ್ಲಿ, ಅದನ್ನು ಸೇವಿಸಿದ ಮಕ್ಕಳು ಅರ್ಧ ಗಂಟೆಗೂ ಹೆಚ್ಚು ಬೇಗ ನಿದ್ರೆ ಹೋದರೂ ಬೆಳಿಗ್ಗೆ ಮುಂಚೆಯೇ ಎದ್ದುದರಿಂದ ಒಟ್ಟು ನಿದ್ರೆ ಹೆಚ್ಚಿದ್ದು ಸುಮಾರು 22 ನಿಮಿಷ ಮಾತ್ರ. ಅಂತೆಯೇ ತೂಕದ ಹೊದಿಕೆಯ ಮಾತು. 2014ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಸ್ವಲೀನತೆಯ ಮಕ್ಕಳು ಅದನ್ನು ಮೆಚ್ಚಿದರೇ ಹೊರತು ಅವರ ನಿದ್ರೆ ಹೆಚ್ಚಲಿಲ್ಲ. ಔಷಧವು ನೇಮಕ್ಕೆ ಸಹಾಯಕವಾದೀತು. ನೇಮದ ಸ್ಥಾನವನ್ನು ತುಂಬಲಾರದು. ವೈದ್ಯರು ಹೇಳಿದ ಪ್ರಮಾಣದಲ್ಲಿ, ಹೇಳಿದ ಹೊತ್ತಿಗೆ ಮಾತ್ರ ಅದನ್ನು ಕೊಡತಕ್ಕದ್ದು.

ಇಂಥ ನೆರವಿಗಾಗಿ ದೂರ ಅಲೆಯಬೇಕಾದ ಅಗತ್ಯ ಈಗ ಕಡಿಮೆಯಾಗಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಅಡಿಯಲ್ಲಿ ಜಿಲ್ಲಾ ಮಟ್ಟದಲ್ಲಿ ಮಕ್ಕಳ ಶೀಘ್ರ ಚಿಕಿತ್ಸಾ ಕೇಂದ್ರಗಳು ಏರ್ಪಟ್ಟಿವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ. ಮಾತು ಬಾರದ ಮಕ್ಕಳಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ.

ಇಷ್ಟಾದರೂ ಒಂದು ಮಾತು ಉಳಿಯುತ್ತದೆ. ಮೇಲೆ ಹೇಳಿದ ನೇಮಗಳನ್ನು ವಾರಗಟ್ಟಲೆ ಪಾಲಿಸುವವರು ಯಾರು? ರಾತ್ರಿಯೆಲ್ಲ ಎಚ್ಚತ್ತು, ಬೆಳಗಾದೊಡನೆ ರೊಟ್ಟಿ ಬಡಿಯುವ ತಾಯಿಯೊಬ್ಬಳಿಂದಲೇ ಇದು ಆಗದ ಕೆಲಸ. ನಿದ್ರೆಯಿಲ್ಲದ ತಾಯಿಗೆ ತಾಳ್ಮೆ ಇರಬೇಕೆಂದು ಬಯಸುವುದು ಎಣ್ಣೆಯಿಲ್ಲದ ದೀಪಕ್ಕೆ ಬೆಳಗೆಂದು ಹೇಳಿದಂತೆ. ವಾರದಲ್ಲಿ ಮೂರು ರಾತ್ರಿ ತಂದೆ, ಒಂದು ರಾತ್ರಿ ಚಿಕ್ಕಪ್ಪನೋ ಸೋದರತ್ತೆಯೋ ಎಚ್ಚರವಿರಲಿ. ಹಗಲು ಒಂದು ಗಂಟೆ ಅಜ್ಜಿ ಮಗುವನ್ನು ನೋಡಿಕೊಂಡು ತಾಯಿಯನ್ನು ಮಲಗಿಸಲಿ. ಆದರೆ ಯಾರು ಎದ್ದರೂ ನೇಮ ಒಂದೇ ಆಗಿರಲಿ. ಶಾಲೆಯ ಗುರುಗಳು ತೂಕಡಿಸುವ ಮಗುವನ್ನು ಬೆತ್ತದಿಂದ ಎಬ್ಬಿಸದೆ, ರಾತ್ರಿ ಹೇಗೆ ಕಳೆಯಿತೆಂದು ಮನೆಯವರನ್ನು ವಿಚಾರಿಸಲಿ. ಪ್ರಸಾದನಿಲಯಗಳಲ್ಲಿ ಇಂಥ ಮಗುವಿದ್ದರೆ ಅದರ ಹಾಸಿಗೆಯ ಜಾಗವನ್ನು ಪದೇ ಪದೇ ಬದಲಿಸದಿರಲಿ.

ಕಾಯಕವೆಂದರೆ ಹಗಲಿನ ದುಡಿಮೆಯಷ್ಟೇ ಅಲ್ಲ. ಮಲಗದ ಮಗುವಿನ ಬಳಿ ಸಿಟ್ಟಿಲ್ಲದೆ ಕುಳಿತಿರುವುದೂ ಕಾಯಕವೇ. ದಾಸೋಹವೆಂದರೆ ಅನ್ನ ಹಂಚುವುದಷ್ಟೇ ಅಲ್ಲ. ಒಬ್ಬಳ ಎಚ್ಚರವನ್ನು ನಾಲ್ವರು ಹಂಚಿಕೊಳ್ಳುವುದೂ ದಾಸೋಹವೇ. ಎಲ್ಲ ಮಕ್ಕಳೂ ಒಂದೇ ಹೊತ್ತಿಗೆ, ಒಂದೇ ಪರಿಯಲ್ಲಿ ಮಲಗಲಾರರು. ಎರಡು ಗಂಟೆಗೆ ಏಳುತ್ತಿದ್ದ ಮಗು ನಾಲ್ಕು ಗಂಟೆಗೆ ಎದ್ದರೂ ಆ ಮನೆಗೆ ಎರಡು ಗಂಟೆಗಳ ವಿಶ್ರಾಂತಿ ದೊರೆತಂತಾಯಿತು. ಅಲ್ಲಿಂದ ಮುಂದಕ್ಕೆ ದಾರಿ ಇದ್ದೇ ಇದೆ.